ಬಾಳ್ವೆಗೆ ಎಷ್ಟು ಎಕರೆ?
(ರಾಯಚೂರಿನ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ದೇವದುರ್ಗ, ಮಾನ್ವಿ ಸೀಮೆಯಿಂದ ಬಂದು ಈ ಊರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ದುಡಿಯುವವರು ನಿಮ್ಮಲ್ಲಿ ಅನೇಕರು. "ಎರಡೆಕರೆ ಇದ್ದಿದ್ದರೆ ಊರಲ್ಲೇ ಬಾಳುತ್ತಿದ್ದೆವು" ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಲೆಕ್ಕ ಹಾಕಿ ನೋಡೋಣ.

ಐದು ಜನರ ಮನೆಗೆ ದಿನಕ್ಕೆ ಎರಡೂವರೆ ಕಿಲೋ ಜೋಳವೆಂದರೆ ವರ್ಷಕ್ಕೆ 9 ಕ್ವಿಂಟಲ್. ಮಳೆಯನ್ನೇ ನಂಬಿದ ಎರೆಭೂಮಿ ಎಕರೆಗೆ 3 ಕ್ವಿಂಟಲ್ ಕೊಟ್ಟರೆ, ಬರೀ ರೊಟ್ಟಿಗೇ 3 ಎಕರೆ ಹೋಯಿತು. ಬೇಳೆಗೆ, ಎಣ್ಣೆಗೆ ಇನ್ನೊಂದು. ಉಪ್ಪು, ಬಟ್ಟೆ, ಔಷಧಿ, ಮಕ್ಕಳ ಓದು ಹೊಲದಲ್ಲಿ ಬೆಳೆಯುವುದಿಲ್ಲ. ಅವಕ್ಕೆ ಮಾರುವ ಬೆಳೆ ಬೇಕು. ಮಳೆ ಕೈಕೊಟ್ಟ ವರ್ಷಕ್ಕೆ ಹಗೇವಿನಲ್ಲಿ ಕಾಳು ಉಳಿದಿರಬೇಕು. ಹೀಗೆ 8-10 ಎಕರೆಗೆ ಬಂದು ನಿಲ್ಲುತ್ತೇವೆ.

ನೀರಿದ್ದರೆ? ಭೂಸುಧಾರಣಾ ಕಾನೂನಿನ 1974ರ ತಿದ್ದುಪಡಿಯೇ ಉತ್ತರ ಕೊಟ್ಟಿದೆ. ಐದು ಜನರ ಕುಟುಂಬಕ್ಕೆ ಅದು ಇಟ್ಟ ಮಿತಿ, ಎರಡು ಬೆಳೆಗೆ ನೀರು ಖಾತ್ರಿಯಿರುವ ಉತ್ತಮ ಭೂಮಿಯಾದರೆ 10 ಎಕರೆ, ಒಣಭೂಮಿಯಾದರೆ 54. ಅಂದರೆ ನೀರಿನ ಒಂದೆಕರೆ ಒಣಭೂಮಿಯ ಐದೆಕರೆಗೂ ಮಿಗಿಲು. ಎರಡೆಕರೆಯ ಕನಸು ಸುಳ್ಳಲ್ಲ, ನೀರು ಬರಬೇಕಷ್ಟೆ.

ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೂ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ಬಂದಿವೆ. ಆದರೆ ಮೇಲಿನವರ ಭತ್ತದ ಗದ್ದೆ ತುಂಬಿದರೆ ಕೊನೆಭಾಗದ ತೂಬು ಒಣಗುತ್ತದೆ. ಇತ್ತ 2020ರ ತಿದ್ದುಪಡಿಯಿಂದ ಒಕ್ಕಲುತನ ಮಾಡದವರೂ ಜಮೀನು ಕೊಳ್ಳಬಹುದಾಗಿದೆ. ಒಣಗಿದ ಎರಡೆಕರೆ ಮೊದಲು ಮಾರಾಟವಾಗುತ್ತದೆ. ಅದರ ಒಡೆಯ ನಾಳೆ ನಿಮ್ಮ ಮಿಲ್ಲಿನ ಬಾಗಿಲಲ್ಲಿ ಕಡಿಮೆ ಕೂಲಿಗೆ ನಿಲ್ಲುತ್ತಾನೆ.

ವರ್ತಕ ಮಿತ್ರರೇ, ಅವನ ಕೈ ಬರಿದಾದರೆ ನಿಮ್ಮ ಗಲ್ಲಾಪೆಟ್ಟಿಗೆಯೂ ಬರಿದು.

ಆದುದರಿಂದ ಭೂಮಿ ಕೇಳುವ ಬಾಯಿ ನೀರನ್ನೂ ಕೇಳಲಿ. ಕೊನೆಯ ಹೊಲಕ್ಕೆ ಮೊದಲ ಸರದಿ ಎಂಬ ಬೇಡಿಕೆಗೆ ರೈತರೊಡನೆ ನೀವೂ ನಿಲ್ಲಿರಿ.