ಬಿಚ್ಚಿ ಹೆಣೆದ ಮಫ್ಲರ್

 

ಈ ಬೇಸಿಗೆಯಲ್ಲಿ ನಾನು ಉಲ್ಲನ್ ಹೆಣೆಯುವುದನ್ನು ಕಲಿತೆ. ಕಲಿಸಿದವಳು ನೆರೆಮನೆಯ ಹುಡುಗಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಮಂಕಾಗಿ ಕೂತಿದ್ದಳು.

ಮಫ್ಲರಿಗೆ 20 ಕುಣಿಕೆ ಹಾಕಿದ್ದೆ. ಒಂದು ಗೇಣು ಆಗುವಷ್ಟರಲ್ಲಿ 26 ಆಗಿತ್ತು! ನೂಲನ್ನು ಮುಂದಿಟ್ಟುಕೊಂಡೇ ಸೀದಾ ಹೆಣೆದರೆ ಹೊಸ ಕುಣಿಕೆ ಹುಟ್ಟುತ್ತದಂತೆ, ಅಲ್ಲೊಂದು ತೂತೂ ಬೀಳುತ್ತದೆ. “ಅಲ್ಲೀತನಕ ಬಿಚ್ಚಿ ಟೀಚರ್, ನೂಲೇನೂ ಹಾಳಾಗಲ್ಲ” ಎಂದಳು. ಎಷ್ಟು ಸಲ ಬಿಚ್ಚಿದೆನೋ!

ಮೇ ತಿಂಗಳ ಭಾನುವಾರಗಳಲ್ಲಿ ಅಮೃತೇಶ್ವರ ದೇವಸ್ಥಾನದ ಹೊರಗೆ ಮರದ ನೆರಳಿಗೆ ಹೋಗುತ್ತಿದ್ದೆವು. 1196ರ ಗುಡಿ ನೋಡಲು ಬಂದವರು ನಮ್ಮ ಕಡ್ಡಿಗಳನ್ನೂ ನೋಡುತ್ತಿದ್ದರು. ಎರಡು ಸಾಲು ಹೆಣಿಗೆ, ಒಂದು ಲೆಕ್ಕ. ಇದು ನಮ್ಮ ಒಪ್ಪಂದ. ಲೆಕ್ಕ ತಪ್ಪಿದರೆ ಹುಡುಗಿ ಇಡೀ ಪುಟಕ್ಕೆ ಗೀಟು ಎಳೆದುಬಿಡುತ್ತಿದ್ದಳು. ಕೆಂಪು ಪೆನ್ನಿನಲ್ಲಿ ಅಂಥ ಗೀಟುಗಳನ್ನು ಎಷ್ಟು ಮಕ್ಕಳ ಪುಸ್ತಕಕ್ಕೆ ನಾನೇ ಎಳೆದಿಲ್ಲ! ತಪ್ಪಿದ ಸಾಲಿನ ತನಕ ಮಾತ್ರ ಬಿಚ್ಚು ಎಂದು ಅವಳ ಮಾತನ್ನೇ ಅವಳಿಗೆ ಹೇಳಿದೆ.

ಪರೀಕ್ಷೆ-2ರಲ್ಲಿ ಪಾಸಾದಳು. ಆದರೆ ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ “ಮೊದಲ ಪ್ರಯತ್ನದಲ್ಲೇ ತೇರ್ಗಡೆ” ಎಂಬ ಷರತ್ತಿದೆ. 2024ರಲ್ಲಿ ಸರ್ಕಾರವೇ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿರುವಾಗ ನಮಗೇಕೆ ಈ ಬಿಗಿ? ಆ ಸಾಲನ್ನು ತೆಗೆಯಬೇಕೆಂದು ಟ್ರಸ್ಟಿನ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ. ಹಾಗೆ ಬರುವ ಮಕ್ಕಳಲ್ಲಿ ಒಬ್ಬರ ಈ ವರ್ಷದ ವೇತನವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಯಾರಿಗೆಂದು ನೀವೇ ಆರಿಸಿ.