ನಿಮ್ಮ ಪಾಲಿನ ರೊಕ್ಕ ಬಿಡಬ್ಯಾಡ್ರಿ

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ, ನಂದಗಡ, ಲೋಂಡಾಗಳಿಂದ ಬಸ್ಸೋ ರೈಲೋ ಹಿಡಿದು ಬೆಳಗಾವಿಯ ಕಾಲೇಜಿಗೆ ಬರುವ ತಮ್ಮಂದಿರೇ, ತಂಗಿಯರೇ, ನೇರವಾಗಿ ಕೇಳುತ್ತೇನೆ. ಈ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಿರಾ? ‘ಅದೆಲ್ಲಾ ನಮಗೆಲ್ಲಿ ಬರ್ತೈತ್ರೀ’ ಎನ್ನುವವರನ್ನು ಸ್ವಲ್ಪ ಕೆದಕಿ ನೋಡಿ, ಬಹಳ ಮಂದಿ ಅರ್ಜಿಯನ್ನೇ ಹಾಕಿರುವುದಿಲ್ಲ.

ಕೆಲವರಿಗೆ ಸಂಕೋಚ. ಸರಕಾರದ ಮುಂದೆ ಕೈ ಚಾಚಬೇಕೇ ಎಂಬ ಬಿಗುಮಾನ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಬರೆದಿಟ್ಟಿದ್ದರು. ಅದರಿಂದ ಹುಟ್ಟಿದ ಟ್ರಸ್ಟಿನ ನೆರವಿನಿಂದ ಓದಿ ಮೇಲೆ ಬಂದವರು ಈ ಜಿಲ್ಲೆಯಲ್ಲಿ ಎದೆಯೆತ್ತಿಯೇ ನಡೆದರು. ಅದು ಒಬ್ಬ ದೊರೆಯ ಔದಾರ್ಯ. ಈಗಿನ ವಿದ್ಯಾರ್ಥಿವೇತನವೋ ನಿಮ್ಮಪ್ಪ ಸಾಬೂನು, ಡೀಸೆಲ್ಲು ಕೊಂಡಾಗಲೆಲ್ಲ ಕಟ್ಟಿದ ತೆರಿಗೆಯ ಹಣ. ನಾಚಿಕೆ ಏತಕ್ಕೆ?

ಲೆಕ್ಕ ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆ ಶುರುವಾದಾಗಲೇ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಅಂದರೆ 15,000 ಎಂದು ನಿಗದಿಯಾಗಿತ್ತು. ಟಿಳಕವಾಡಿಯ ಕಡೆ ಒಂದು ರೂಮಿನಲ್ಲಿ ನಾಲ್ವರು ಇರುವವರಿಗೆ ಅದರ ಬೆಲೆ ಗೊತ್ತು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ರೈತರ ಮಗನಿಗೆ 5,000, ಮಗಳಿಗೆ 5,500 ಎಂದು ನಿಗದಿಯಾಯಿತು. ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಬೇರೆ ಬೇರೆ ಯೋಜನೆಗಳಿವೆ.

ಹಣ ತಪ್ಪುವುದು ಸಣ್ಣ ಸಣ್ಣ ಕಡೆ. ಖಾನಾಪುರದ ಕಡೆ ಹೆಸರಿನದೇ ದೊಡ್ಡ ರಗಳೆ: ಆಧಾರಿನಲ್ಲಿ ಅಡ್ಡಹೆಸರು ಮೊದಲು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಕೊನೆಗೆ; ಮರಾಠಿಯಲ್ಲಿ ಒಂದು ಥರ, ಕನ್ನಡದಲ್ಲಿ ಇನ್ನೊಂದು ಥರ. ಅರ್ಜಿ ಕರೆಯುವ ಮೊದಲೇ ಸರಿಪಡಿಸಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ. ಅದರ ಮೇಲಿನ ಆರ್‌ಡಿ ಸಂಖ್ಯೆ ಇಲ್ಲದೆ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮುಂದೆ ಬಿಡುವುದಿಲ್ಲ. ಆದಾಯ ಪತ್ರಕ್ಕೆ ಐದು ವರ್ಷದ ಆಯುಷ್ಯ, ತಾರೀಕು ನೋಡಿಕೊಳ್ಳಿ. ಬ್ಯಾಂಕಿಗೆ ಹೋಗಿ, ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಜೋಡಣೆ, ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಎರಡು ಖಾತೆ ಇದ್ದರೆ ಕೊನೆಗೆ ಸೀಡ್ ಆದದ್ದಕ್ಕೇ ಹಣ ಬೀಳುತ್ತದೆ. ರೊಕ್ಕ ಬರಲಿಲ್ಲವೆಂದು ಗೋಳಾಡುವಾಗ ಅದು ಮರೆತುಹೋದ ಪಾಸ್‌ಬುಕ್ಕಿನಲ್ಲಿ ಕೂತಿರುವುದುಂಟು.

ಇನ್ನೊಂದು ಮಾತು. ಸೈಬರ್ ಅಂಗಡಿಯವನ ಕೈಗೆ ಕಾಗದದ ಕಟ್ಟು ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಪಕ್ಕದಲ್ಲೇ ಕೂತು ಪ್ರತಿ ಸಾಲು ಓದಿ. ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ. ದಾಖಲೆಗಳ ಇ-ದೃಢೀಕರಣ ಕಾಲೇಜಿನಲ್ಲೇ ಆಗುತ್ತದೆ. ಕೊನೆಯ ದಿನದ ಸಾಲಿನಲ್ಲಿ ನಿಲ್ಲುವವರು ನೀವಾಗಬಾರದು. ಕಾಡಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದು, ನಿಜ. ಆದರೆ ದಿನವೂ ಬೆಳಗಾವಿಗೆ ಬರುತ್ತೀರಲ್ಲ!

ಒಂದು ಕಾಗದದ ಬೆಲೆ ಏನೆಂದು ಸಿದ್ದಿ ಸಮುದಾಯದವರನ್ನು ಕೇಳಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ಕಾಡು, ಅದೇ ಬಳಗ. ನಡುವೆ ಒಂದು ಜಿಲ್ಲೆಯ ಗಡಿ, ಹದಿನೇಳು ವರ್ಷ. ಅಷ್ಟು ಕಾಲ ಕಾದು ಪಡೆದ ಹಕ್ಕನ್ನು ಒಂದು ಆರ್‌ಡಿ ಸಂಖ್ಯೆಗಾಗಿ ಬಿಡುವುದೇ?

ತಿರಸ್ಕಾರವಾದರೆ ಕಾರಣ ಕೇಳಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಿಗೆ ಬೆಳಗಾವಿಯಲ್ಲಿ ಜಿಲ್ಲಾ ಕಚೇರಿಗಳಿವೆ. ಅರ್ಜಿ ಸಂಖ್ಯೆ ಹಿಡಿದು ಒಳಗೆ ಹೋಗಿ, ಹೆದರಬೇಡಿ. ಕೆಲಸವಾದ ಮೇಲೆ ಖಾನಾಪುರದ ಬಸ್ಸಿನಲ್ಲಿ ಪಕ್ಕ ಕೂತ ಪಿಯುಸಿ ಹುಡುಗಿಯನ್ನು ಕೇಳಿ: ‘ಅವ್ವಾ, ನಿನ್ನ ಖಾತೆಗೆ ಆಧಾರ್ ಸೀಡಿಂಗ್ ಆಗೈತೇನು?’