ಕೊಡುವ ಮದ್ದು, ಇಡುವ ಮದ್ದು

ನಮ್ಮ ನುಡಿಯಲ್ಲಿ ‘ಮದ್ದು’ ಎರಡಲಗಿನ ಮಾತು. ಮದ್ದು ಕೊಟ್ಟವನು ವೈದ್ಯ, ಮದ್ದಿಟ್ಟವನು ಹಗೆ. ಕೂತಲ್ಲಿ ಕೂರದ, ಹೇಳಿದ ಮಾತಿನಲ್ಲಿ ಮನಸ್ಸು ನಿಲ್ಲದ ಮಗುವಿಗೆ ವೈದ್ಯರು ಉತ್ತೇಜಕ ಗುಳಿಗೆ ಬರೆದುಕೊಟ್ಟಾಗ ತಾಯ್ತಂದೆಯರ ಎದೆಯಲ್ಲಿ ಏಳುವ ಶಂಕೆಯೂ ಇದೇ. ಇಂದು ಪಾಠಕ್ಕೆ ನೆರವಾದದ್ದು ನಾಳೆ ಮಾದಕ ವಸ್ತುಗಳತ್ತ ಮಿದುಳನ್ನು ಹದಗೊಳಿಸಿಬಿಟ್ಟರೆ? ಈ ಭಯವನ್ನು ಹುಸಿಯೆಂದು ನಾನು ತಳ್ಳಿಹಾಕಲಾರೆ. ಅದರ ಬೇರು ವಿಜ್ಞಾನದಲ್ಲಿಯೇ ಇದೆ.

ಈ ಚಿಕಿತ್ಸೆ ಹುಟ್ಟಿದ್ದು ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ ಮಕ್ಕಳಿಗೆ ತಲೆನೋವು ತಗ್ಗೀತೆಂದು ಬೆಂಜೆಡ್ರಿನ್ ಕೊಟ್ಟರು. ತಲೆನೋವಿಗೆ ಅದು ಅಷ್ಟಾಗಿ ನಾಟಲಿಲ್ಲ. ಮಕ್ಕಳು ಮಾತ್ರ ಪಾಠದಲ್ಲಿ ಮನಸ್ಸಿಡತೊಡಗಿದರು. 1937ರ ಅವರ ವರದಿಯಂತೆ 30 ಮಕ್ಕಳಲ್ಲಿ 14 ಮಂದಿಯ ಕಲಿಕೆ ಬೆರಗಾಗುವಷ್ಟು ಸುಧಾರಿಸಿತ್ತು. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯಲ್ಲಿ ಮೀಥೈಲ್‌ಫೆನಿಡೇಟ್ ಸಿದ್ಧವಾಯಿತು. ಲೋಕ ಅದನ್ನು ರಿಟಾಲಿನ್ ಎಂದು ಬಲ್ಲದು.

ಭಯ ಹುಟ್ಟಿದ್ದು ಇಲಿಗಳ ಪಂಜರದಲ್ಲಿ. ಕೆಲವು ಮದ್ದುಗಳು ರೂಢಿಯಾದಂತೆ ನಾಟದೆ ಹೋಗುತ್ತವೆ. ಉತ್ತೇಜಕಗಳಲ್ಲಿ ಇದರ ವಿಲೋಮವೂ ಉಂಟು: ಮತ್ತೆ ಮತ್ತೆ ಕೊಟ್ಟಾಗ ಅಷ್ಟೇ ಪ್ರಮಾಣಕ್ಕೆ ಇಲಿ ಮೊದಲಿಗಿಂತ ತೀವ್ರವಾಗಿ ಸ್ಪಂದಿಸುತ್ತದೆ. 2001ರ ಪ್ರಯೋಗವೊಂದರಲ್ಲಿ, ಹರೆಯದಲ್ಲಿ ಮೀಥೈಲ್‌ಫೆನಿಡೇಟ್ ಪಡೆದ ಇಲಿಗಳು ಮುಂದೆ ಅಲ್ಪ ಪ್ರಮಾಣದ ಕೊಕೇನಿಗೂ ಒಲಿದವು. 2002ರಲ್ಲಿ ಇನ್ನೂ ಎಳೆಯ ಇಲಿಗಳ ಮೇಲೆ ನಡೆದ ಪ್ರಯೋಗದ ಫಲ ತಿರುವುಮುರುವು: ಬೆಳೆದ ಮೇಲೆ ಅವಕ್ಕೆ ಕೊಕೇನಿನ ಆಕರ್ಷಣೆಯೇ ತಗ್ಗಿತ್ತು. ಇದನ್ನು ವರವೆನ್ನೋಣವೆಂದರೆ, ಅಂಥ ಇಲಿಗಳಲ್ಲಿ ಖಿನ್ನತೆಯನ್ನು ಹೋಲುವ ಲಕ್ಷಣಗಳೂ ಕಂಡವು. ವಯಸ್ಸು ಬದಲಾದರೆ ಫಲವೂ ಬದಲು. ಮೇಲಾಗಿ ಇಲಿಗಳಿಗೆ ಕೊಟ್ಟದ್ದು ಸೂಜಿಮದ್ದು. ಮಗು ನುಂಗುವ ಗುಳಿಗೆ ಮಿದುಳನ್ನು ಮುಟ್ಟುವುದು ನಿಧಾನವಾಗಿ.

ಮನುಷ್ಯರ ವಿಷಯದಲ್ಲಿಯೂ ವಾದ ನಡೆದಿದೆ. ಚಿಕಿತ್ಸೆ ಪಡೆದವರಲ್ಲಿ ತಂಬಾಕು, ಕೊಕೇನುಗಳ ಚಟ ಹೆಚ್ಚೆಂದು ಕ್ಯಾಲಿಫೋರ್ನಿಯದ ನಾಡೀನ್ ಲ್ಯಾಂಬರ್ಟ್ ತೊಂಬತ್ತರ ದಶಕದಲ್ಲಿ ಎಚ್ಚರಿಸಿದರು. 2003ರಲ್ಲಿ 6 ಅಧ್ಯಯನಗಳನ್ನು ಒಟ್ಟುಗೂಡಿಸಿದವರಿಗೆ ಚಿಕಿತ್ಸೆಯೇ ಕಾವಲಾಗಿ ಕಂಡಿತು. 2013ರಲ್ಲಿ 15 ಅಧ್ಯಯನಗಳನ್ನು ತೂಗಿದಾಗ ತಕ್ಕಡಿ ಎತ್ತಲೂ ವಾಲಲಿಲ್ಲ: ಚಿಕಿತ್ಸೆ ಚಟವನ್ನು ಬೆಳೆಸಿರಲಿಲ್ಲ, ತಡೆದಿರಲೂ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಮನಸ್ಸು ನಿಲ್ಲದ ಈ ತೊಂದರೆಯೇ, ಗುಳಿಗೆಯ ಹಂಗಿಲ್ಲದೆ, ಮುಂದೆ ವ್ಯಸನದ ಅಪಾಯವನ್ನು ಹೆಚ್ಚಿಸುತ್ತದೆ. ಬೇನೆಯ ಪಾಲನ್ನು ಮದ್ದಿನ ಲೆಕ್ಕಕ್ಕೆ ಬರೆದರೆ ಅನ್ಯಾಯವಾದೀತು.

ಆದುದರಿಂದ ದೂರದ ಭಯವೊಂದನ್ನೇ ನೆಚ್ಚಿ ಮದ್ದನ್ನು ನಿರಾಕರಿಸುವುದು ನನಗೆ ವಿವೇಕವೆನಿಸುವುದಿಲ್ಲ. ಮುಂದಿನ ರಕ್ಷೆಯಾದೀತೆಂದು ಕೊಡುವುದೂ ಸಲ್ಲದು. ಬೇನೆ ನಿಜವೇ, ಗುಳಿಗೆಯಿಂದ ಈ ಮಗುವಿನ ಇಂದಿನ ದಿನ ಹಗುರಾಗಿದೆಯೇ, ಅದರ ಹಸಿವು, ನಿದ್ದೆ, ಬೆಳವಣಿಗೆ ಹೇಗಿವೆ ಎಂದು ವೈದ್ಯರೊಡನೆ ಆಗಾಗ ಕೂತು ನೋಡಬೇಕು. ತರಗತಿಯ ಹಿಂದಿನ ಸಾಲಿನಲ್ಲಿ ಪ್ರತಿದಿನ ಬೈಗುಳ ತಿಂದು ಬೆಳೆಯುವ ಮಗುವಿಗೂ ನಾಳೆ ಎಂಬುದೊಂದು ಇದೆಯಷ್ಟೆ.